‘ಬರೆದುಕೊಡಿ’ ಎಂದು ಕೇಳುವ ಹಕ್ಕು

ಓದುಗರ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ, ಪಂಚಾಯಿತಿಗಳ ಬಾಗಿಲಲ್ಲಿ ಹುಟ್ಟಿದವು. ಪ್ರಶ್ನೆಗಳು ಬೇರೆಬೇರೆ, ಕೇಳಿದ್ದು ಮಾತ್ರ ಒಂದೇ: ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು? ಸಂವಿಧಾನ ಇದಕ್ಕೆ ಗೆರೆ ಎಳೆದಿದೆ. ಆದರೆ ಅಧಿಕಾರಿ ತಾನು ಮಾಡುವುದನ್ನು ಕಾರಣಸಹಿತ ಕಾಗದದ ಮೇಲೆ ಬರೆದಾಗಲೇ ಆ ಗೆರೆ ದಾಟಿದ್ದು ಯಾರು ಎಂಬುದು ಕಾಣಿಸುವುದು. ಬಾಯಿಮಾತಿನ ಆದೇಶವನ್ನು ಮೇಲಧಿಕಾರಿಯ ಮುಂದಿಡಲೂ ಆಗದು, ಕೋರ್ಟಿನ ಮುಂದಿಡಲೂ ಆಗದು. ಆದ್ದರಿಂದ ಯಾವ ಹಂತದಲ್ಲಿ ಯಾವ ಕಾಗದ ಕೇಳಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ತಮ್ಮನಿಗೆ ಠಾಣೆಯಿಂದ ಫೋನ್ ಬಂತು. ‘ಒಂದು ವಿಚಾರಣೆ ಇದೆ, ಬಂದು ಹೋಗಿ’ ಎಂದರು. ಯಾವ ಕೇಸು ಎಂದು ಹೇಳಲಿಲ್ಲ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ನೋಟಿಸ್ ಕಳಿಸಿದರು. ಹೋಗಲೇಬೇಕೇ? ಹೋದರೆ ಅಲ್ಲೇ ಹಿಡಿದಿಟ್ಟುಕೊಂಡರೆ ಏನು ಗತಿ? (ಗೃಹಿಣಿ)

ಮೊದಲು ತಿಳಿಯಬೇಕಾದದ್ದು, ತಮ್ಮನನ್ನು ಸಾಕ್ಷಿಯಾಗಿ ಕರೆಯುತ್ತಿದ್ದಾರೋ ಆರೋಪಿಯಾಗಿ ಕರೆಯುತ್ತಿದ್ದಾರೋ ಎಂಬುದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಸಾಕ್ಷಿಯನ್ನು ಕರೆಯುವುದು ಅದರ ಸೆಕ್ಷನ್ 179ರ ಅಡಿ, ಆರೋಪ ಹೊತ್ತವರನ್ನು ಕರೆಯುವುದು ಸೆಕ್ಷನ್ 35(3)ರ ಅಡಿ. ಎರಡಕ್ಕೂ ಲಿಖಿತ ನೋಟಿಸ್ ಬೇಕು. ಬರೀ ಫೋನ್ ಕರೆಗೆ ಹೋಗಲೇಬೇಕೆಂಬ ಕಟ್ಟುಪಾಡಿಲ್ಲ. ಹಾಗೆಂದು ಫೋನ್ ಕುಕ್ಕಿ ಸುಮ್ಮನಾಗುವುದೂ ಜಾಣತನವಲ್ಲ. ‘ಸಹಕರಿಸಲು ಸಿದ್ಧನಿದ್ದೇನೆ, ಅಪರಾಧ ಸಂಖ್ಯೆ ಮತ್ತು ಸೆಕ್ಷನ್ ನಮೂದಿಸಿ ನೋಟಿಸ್ ಕೊಡಿ’ ಎಂದು ಅದೇ ನಂಬರಿಗೆ ಸಂದೇಶ ಕಳಿಸಲಿ. ತನಿಖೆಗೆ ಸಿಗದೆ ತಲೆತಪ್ಪಿಸಿಕೊಂಡ ಎಂದು ನಾಳೆ ಯಾರೂ ಹೇಳದಂತೆ ಆ ಸಂದೇಶ ಕಾಯುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಸೆಕ್ಷನ್ 35ರ ನೋಟಿಸ್ ಕಾನೂನಿನ ಪ್ರಕಾರ ಜಾರಿಯಾದಂತಲ್ಲ. ಸತೇಂದರ್ ಕುಮಾರ್ ಅಂಟಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾರಣವೂ ಸರಿಯಾಗಿದೆ. ಆ ನೋಟಿಸಿಗೆ ಹಾಜರಾಗದಿದ್ದರೆ ದಸ್ತಗಿರಿ ಮಾಡಬಹುದು. ಒಬ್ಬರ ಸ್ವಾತಂತ್ರ್ಯವೇ ಕಳೆದುಹೋಗಬಹುದಾದ ಕಾಗದ ಅವರ ಕೈ ಸೇರಿತೆಂಬುದು ಖಾತ್ರಿಯಾಗಲೇಬೇಕು. ನ್ಯಾಯಾಲಯ ಕಳಿಸುವ ಸಮನ್ಸ್ ವಿಷಯ ಬೇರೆ, ಅದಕ್ಕೆ ಎಲೆಕ್ಟ್ರಾನಿಕ್ ದಾರಿಯನ್ನು ಹೊಸ ಕಾನೂನು ಒಪ್ಪಿದೆ.

ಸಾಕ್ಷಿಯಾಗಿ ಕರೆಯುವುದಾದರೆ ಆತ ಆ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನಲ್ಲಿರಬೇಕು. ಮಹಿಳೆಯರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲು ಬಲವಂತ ಮಾಡುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಬರಬೇಕು. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ: ತನಿಖಾಧಿಕಾರಿ ಬರೆದುಕೊಂಡ ಹೇಳಿಕೆಗೆ ಹೇಳಿಕೆ ಕೊಟ್ಟವರ ಸಹಿ ಹಾಕಿಸಬಾರದು ಎಂದು ಸೆಕ್ಷನ್ 181 ಹೇಳುತ್ತದೆ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಬೇಡ. ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗೆ ಉತ್ತರಿಸದಿರುವುದು ಸಂವಿಧಾನದ 20(3)ನೇ ವಿಧಿ ಕೊಟ್ಟ ಹಕ್ಕು.

ದಸ್ತಗಿರಿಯ ಭಯದ ಬಗ್ಗೆ ಕೇಳಿದ್ದೀರಿ. 7 ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಹಿಡಿದು ಒಳಗೆ ಹಾಕುವುದು ಮಾಮೂಲಿ ಕ್ರಮವಾಗಬಾರದು, ಹಿಡಿಯಲೇಬೇಕಾದ ಕಾರಣವನ್ನು ಅಧಿಕಾರಿ ಬರೆದಿಡಬೇಕು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪು. ನೋಟಿಸಿಗೆ ಹಾಜರಾಗುತ್ತಿರುವವರನ್ನು ವಿಶೇಷ ಕಾರಣ ದಾಖಲಿಸದೆ ದಸ್ತಗಿರಿ ಮಾಡುವಂತಿಲ್ಲ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ಆರೋಪಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಬೇಕು.

ಹಿಡಿದೇಬಿಟ್ಟರೆ ಮನೆಯವರು ಗಮನಿಸಬೇಕಾದದ್ದು ಇಷ್ಟು. ದಸ್ತಗಿರಿ ಮೆಮೊದಲ್ಲಿ ದಿನಾಂಕ, ಗಂಟೆ, ಒಬ್ಬ ಸಾಕ್ಷಿಯ ಸಹಿ ಇದೆಯೇ? ನಿಮಗೆ ಅಥವಾ ಆತ ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಿದ್ದಾರೆಯೇ? ಕಾರಣಗಳನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಟ್ಟಿದ್ದಾರೆಯೇ? ಕೊನೆಯದು ಈಗ ಬಹಳ ಮುಖ್ಯ. ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಈ ನಿಯಮವನ್ನು ವಿಸ್ತರಿಸಿತು. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ ಆಗ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮುಂಚೆಯಾದರೂ ಲಿಖಿತವಾಗಿ ಕೊಡಬೇಕು. ಕೊಡದಿದ್ದರೆ ದಸ್ತಗಿರಿಯೇ ಕಾನೂನುಬಾಹಿರವಾಗುತ್ತದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ಗಡುವು ಮೀರಿದರೂ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ ಗಡುವು 90 ದಿನ, ಉಳಿದವಕ್ಕೆ 60 ದಿನ. ಮ್ಯಾಜಿಸ್ಟ್ರೇಟರು ಮೊದಲು ಕಸ್ಟಡಿಗೆ ಒಪ್ಪಿಸಿದ ದಿನವೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಹಲವರು ಎಡವುತ್ತಾರೆ. ಈ ಜಾಮೀನು ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿಗೆ ಮುಂಚೆ ಪೊಲೀಸರು ಪಟ್ಟಿ ಸಲ್ಲಿಸಿಬಿಟ್ಟರೆ ಹಕ್ಕು ಕೈತಪ್ಪುತ್ತದೆ. ಗಡುವು ಮುಗಿದ ಮರುದಿನ ಬೆಳಿಗ್ಗೆಯೇ ವಕೀಲರು ಕೋರ್ಟಿನಲ್ಲಿರಬೇಕು.

ಕೊನೆಯದಾಗಿ ಎಲ್ಲ ಓದುಗರಿಗೂ: ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವ ಅಧಿಕಾರ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಸರ್ಕಾರ ನಿದ್ದೆ ಮಾಡುತ್ತಿದೆ ಎಂದು ಫೇಸ್‌ಬುಕ್‌ನಲ್ಲಿ ಬರೆದೆ. ‘ಡಿಲೀಟ್ ಮಾಡು, ಇಲ್ಲದಿದ್ದರೆ ಮಾನಹಾನಿ ಕೇಸು, ಐಟಿ ಆ್ಯಕ್ಟ್ ಕೇಸು’ ಎಂದು ಒಬ್ಬರು ಬೆದರಿಸಿದರು. ನಿಜವಾಗಿಯೂ ಕೇಸು ಆಗುತ್ತದೆಯೇ? (ಪದವಿ ವಿದ್ಯಾರ್ಥಿ)

ನೀವು ಬರೆದದ್ದು ಇಷ್ಟೇ ಆಗಿದ್ದರೆ ಆಗಬಾರದು. ಬೆದರಿಕೆಯ ಎರಡು ತುಂಡುಗಳನ್ನೂ ಬಿಡಿಸಿ ನೋಡೋಣ.

ಆನ್‌ಲೈನ್ ಟೀಕೆಗೆ ಹಾಕುತ್ತಿದ್ದದ್ದು ಐಟಿ ಕಾಯ್ದೆಯ 66ಎ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ಆದರೂ ಠಾಣೆಗಳಲ್ಲಿ ಅದರಡಿ ಕೇಸು ದಾಖಲಾಗುತ್ತಲೇ ಇದ್ದದ್ದರಿಂದ 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು. ಯಾರಾದರೂ 66ಎ ಎಂದು ಬರೆದ ಕಾಗದ ಕೊಟ್ಟರೆ ಜೋಪಾನವಾಗಿಡಿ, ಅದು ನಿಮ್ಮ ಪರ ಸಾಕ್ಷ್ಯ.

ಮಾನಹಾನಿಯ ವಿಷಯದಲ್ಲಿ, ಹಳೆಯ ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರ ಅಡಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಬಳಿ ಖಾಸಗಿ ದೂರು ಕೊಡಬೇಕು. ಇನ್ನು ಸರ್ಕಾರ, ನಗರಸಭೆ, ಪಂಚಾಯಿತಿಯಂಥ ಅಧಿಕಾರ ನಡೆಸುವ ಸಂಸ್ಥೆಗಳು ‘ನಮ್ಮ ಮಾನ ಹೋಯಿತು’ ಎಂದು ಪರಿಹಾರದ ದಾವೆ ಹೂಡುವಂತಿಲ್ಲ ಎಂದು 1994ರ ಆರ್. ರಾಜಗೋಪಾಲ್ ತೀರ್ಪು ಹೇಳಿದೆ. ಜನರ ತೆರಿಗೆಯಲ್ಲಿ ನಡೆಯುವ ಸಂಸ್ಥೆ ಜನರ ಬಾಯಿ ಮುಚ್ಚಿಸಲು ಅದೇ ತೆರಿಗೆ ಬಳಸಬಾರದು ಎಂಬುದು ನಮ್ಮ ನಿಲುವು ಕೂಡ.

2025ರ ಮಾರ್ಚ್ 28ರ ಇಮ್ರಾನ್ ಪ್ರತಾಪ್‌ಗಢಿ ತೀರ್ಪು ನಿಮ್ಮಂಥವರಿಗೆ ಇನ್ನಷ್ಟು ಆಸರೆ. ಮಾತು, ಬರಹದ ಮೇಲಿನ ದೂರಿನಲ್ಲಿ ಶಿಕ್ಷೆ 3ರಿಂದ 7 ವರ್ಷದ ನಡುವೆ ಇದ್ದರೆ, ಎಫ್‌ಐಆರ್‌ಗೆ ಮೊದಲು ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು. ಬರಹದ ಪರಿಣಾಮವನ್ನು ಗಟ್ಟಿ ಮನಸ್ಸಿನ ಸಾಮಾನ್ಯ ವ್ಯಕ್ತಿಯ ದೃಷ್ಟಿಯಿಂದ ಅಳೆಯಬೇಕು, ಸಣ್ಣದಕ್ಕೂ ಹೌಹಾರುವವರ ದೃಷ್ಟಿಯಿಂದ ಅಲ್ಲ ಎಂದೂ ಹೇಳಿತು.

ಎಡವುವುದು ಎಲ್ಲಿ ಎಂಬುದನ್ನೂ ಹೇಳಬೇಕು. ‘ಔಷಧಿ ಇಲ್ಲ’ ಎನ್ನುವುದು ಬೇರೆ, ‘ಇಂಥ ಡಾಕ್ಟರು ಔಷಧಿ ಮಾರಿಕೊಂಡರು’ ಎನ್ನುವುದು ಬೇರೆ. ಎರಡನೆಯದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರಬೇಕು. ತಿದ್ದಿದ ಫೋಟೊ, ಯಾರದೋ ಫಾರ್ವರ್ಡ್, ಜಾತಿ ಧರ್ಮ ಎಳೆದು ತಂದು ಕೆಣಕುವ ಸಾಲು, ಇವು ಸರ್ಕಾರದ ಟೀಕೆಯ ರಕ್ಷಣೆಯಲ್ಲಿ ಬರುವುದಿಲ್ಲ. ಔಷಧಿ ಖಾಲಿ ಇದ್ದ ದಿನದ ಚೀಟಿ, ‘ಹೊರಗೆ ತನ್ನಿ’ ಎಂದು ಬರೆದ ಷರಾ, ಅಂಗಡಿಯ ಬಿಲ್ಲು ಇವನ್ನು ತೆಗೆದಿಡಿ. ಬರಹ ಅಳಿಸಬೇಡಿ.

ಪ್ರಶ್ನೆ: ಬಾಡಿಗೆ ಮನೆ, ಲಾಡ್ಜು, ಕೊರಿಯರ್ ಎಲ್ಲೆಲ್ಲೂ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊಡಲೇಬೇಕೇ? (ಮಾರಾಟ ಪ್ರತಿನಿಧಿ)

ಗುರುತು ಕೇಳುವುದು ತಪ್ಪಲ್ಲ, ಆಧಾರೇ ಬೇಕೆಂದು ಹಟ ಹಿಡಿಯುವುದು ತಪ್ಪು. ಚಾಲನಾ ಪರವಾನಗಿ, ಮತದಾರರ ಚೀಟಿ, ಪಾಸ್‌ಪೋರ್ಟ್ ಯಾವುದನ್ನಾದರೂ ತೋರಿಸಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಕೊಡುವುದೇ ಸುಲಭ ಎನಿಸಿದರೆ ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಮಾಸ್ಕ್ ಮಾಡಿದ ಪ್ರತಿ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಅಡ್ಡಲಾಗಿ, ಚಿತ್ರದ ಮೇಲೆ ಹಾಯುವಂತೆ ಉದ್ದೇಶ ಮತ್ತು ದಿನಾಂಕ ಬರೆದು ಸಹಿ ಹಾಕಿ. ಇದನ್ನು ಅಭ್ಯಾಸ ಮಾಡಿಕೊಂಡರೆ ಆ ಪ್ರತಿಯನ್ನು ಬೇರೆ ಕಡೆ ಬಳಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ಕೆರೆ ಒತ್ತುವರಿ ವಿರುದ್ಧ ಒಂದು ಮೌನ ಮೆರವಣಿಗೆ ಮಾಡಬೇಕೆಂದಿದ್ದೇವೆ, ಹೆಚ್ಚೆಂದರೆ 40 ಜನ. ‘ನಿಷೇಧಾಜ್ಞೆ ಇದೆ, ಆಗಲ್ಲ’ ಎಂದು ಠಾಣೆಯಲ್ಲಿ ಬಾಯಲ್ಲೇ ಹೇಳಿ ಕಳಿಸಿದರು. (ನಿವೃತ್ತ ಶಿಕ್ಷಕರು)

ಆಯುಧವಿಲ್ಲದೆ, ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19(1)(ಬಿ) ವಿಧಿಯಲ್ಲಿದೆ. ಪೊಲೀಸರು ಸಮಯ, ದಾರಿ, ಸಂಖ್ಯೆಯನ್ನು ಗೊತ್ತುಪಡಿಸಬಹುದು, ಮನಸ್ಸಿಗೆ ಬಂದಂತೆ ಇಲ್ಲವೆನ್ನುವಂತಿಲ್ಲ.

ನಿಷೇಧಾಜ್ಞೆ ಹೊರಡಿಸುವ ಹಳೆಯ ಸೆಕ್ಷನ್ 144 ಈಗ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ಆ ಆದೇಶ ಲಿಖಿತವಾಗಿರಬೇಕು, ಯಾವ ಸಂಗತಿಗಳಿಂದ ಅಪಾಯ ಕಂಡಿತು ಎಂಬುದು ಅದರಲ್ಲಿರಬೇಕು, 2 ತಿಂಗಳಿಗಿಂತ ಹೆಚ್ಚು ನಡೆಯಬಾರದು. ರಾಜ್ಯ ಸರ್ಕಾರ ವಿಸ್ತರಿಸಿದರೂ ಮತ್ತೆ 6 ತಿಂಗಳೇ ಮಿತಿ. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಇಂಥ ಆದೇಶಗಳನ್ನು ಪ್ರಕಟಿಸಬೇಕು, ನ್ಯಾಯವಾದ ಅಭಿಪ್ರಾಯವನ್ನು ಅಥವಾ ಅಹವಾಲನ್ನು ಅದುಮಲು ಬಳಸಬಾರದು, ಒಂದರ ಹಿಂದೊಂದು ಹೊರಡಿಸುತ್ತಾ ಹೋಗುವುದು ಅಧಿಕಾರದ ದುರುಪಯೋಗ ಎಂದು ಕೋರ್ಟ್ ಹೇಳಿತು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆಯನ್ನು ನಮ್ಮ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದದ್ದೂ ಆದೇಶದೊಳಗಿನ ಕಾರಣಗಳನ್ನು ಓದಿ ನೋಡಿಯೇ.

ನೀವು ಮಾಡಬೇಕಾದದ್ದು ಹೀಗೆ. ಒಂದು ಪುಟದ ಅರ್ಜಿ ಬರೆಯಿರಿ: ದಿನಾಂಕ, ಶುರುವಾಗುವ ಮತ್ತು ಮುಗಿಯುವ ಗಂಟೆ, ಎಲ್ಲಿಂದ ಎಲ್ಲಿಗೆ, ಯಾವ ರಸ್ತೆಯಲ್ಲಿ, ಎಷ್ಟು ಜನ, ಹೊಣೆ ಹೊರುವ ಇಬ್ಬರ ಹೆಸರು ಮತ್ತು ಫೋನ್. ರಸ್ತೆಯ ಎಡಬದಿಯಲ್ಲಿ ಇಬ್ಬಿಬ್ಬರ ಸಾಲಿನಲ್ಲಿ ಹೋಗುತ್ತೇವೆ, ಮೈಕ್ ಇಲ್ಲ ಎಂದು ಸೇರಿಸಿ. ವಾಹನ ತಡೆಯಾಗುತ್ತದೆ ಎಂಬ ಆಕ್ಷೇಪಕ್ಕೆ ಇದೇ ಉತ್ತರವಾಗುತ್ತದೆ. ಮೈಕ್ ಬೇಕಿದ್ದರೆ ಅದಕ್ಕೆ ಬೇರೆ ಅನುಮತಿ. ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಆಗುವುದಿಲ್ಲ ಎಂದರೆ ಹಿಂಬರಹ (ಲಿಖಿತ ಉತ್ತರ) ಕೊಡಿ ಎನ್ನಿ, ನಿಷೇಧಾಜ್ಞೆಯ ಪ್ರತಿ ಕೇಳಿ. ಎಷ್ಟೋ ಸಲ ಬಾಯಿಮಾತಿನ ನಿರಾಕರಣೆ ಈ ಹಂತದಲ್ಲೇ ಕರಗಿಹೋಗುತ್ತದೆ, ಏಕೆಂದರೆ ಬರೆಯಲು ಕಾರಣವಿರುವುದಿಲ್ಲ. ಆದೇಶ ಇದ್ದದ್ದೇ ಆದರೆ ಅದನ್ನು ಹಿಂಪಡೆಯಿರಿ ಎಂದು ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಹಾಕಬಹುದು. ನಿಮ್ಮ ಮಾತು ಕೇಳದೆ ಅದನ್ನು ತಳ್ಳಿಹಾಕುವಂತಿಲ್ಲ, ತಳ್ಳಿದರೆ ಕಾರಣ ಬರೆಯಬೇಕು. ಆಮೇಲೆ 226ನೇ ವಿಧಿಯಡಿ ಹೈಕೋರ್ಟ್: ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮಗೆ ಸಂಬಂಧಿಸಿದ್ದು. ಮೆರವಣಿಗೆಯ ದಿನಕ್ಕೆ ಎರಡು ವಾರ ಮೊದಲೇ ಅರ್ಜಿ ಕೊಟ್ಟರೆ ಮಾತ್ರ ಇದಕ್ಕೆಲ್ಲ ಕಾಲಾವಕಾಶ ಇರುತ್ತದೆ.

ಬೆಂಗಳೂರಿನ ಓದುಗರಿಗೆ ಒಂದು ಟಿಪ್ಪಣಿ: 2021ರ ಪರವಾನಗಿ ಆದೇಶದ ಪ್ರಕಾರ ಅಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಇಡೀ ಮಹಾನಗರದ ಅಹವಾಲನ್ನು ಒಂದು ಆವರಣದೊಳಗೆ ಕೂಡಿಹಾಕುವುದನ್ನು ನಾವು ಒಪ್ಪುವುದಿಲ್ಲ. ಯಾರಿಗೆ ಕೇಳಿಸಬೇಕೋ ಅವರ ಕಿವಿಗೆ ಬೀಳದ ಪ್ರತಿಭಟನೆ ಅರ್ಧ ಹಕ್ಕು.

ಪ್ರಶ್ನೆ: ನಮ್ಮೂರ ರಸ್ತೆ ಮೂರೇ ತಿಂಗಳಲ್ಲಿ ಕಿತ್ತುಹೋಗಿದೆ. ಮಾಹಿತಿ ಹಕ್ಕಿನಲ್ಲಿ ‘ರಸ್ತೆ ಏಕೆ ಕಳಪೆಯಾಗಿದೆ, ಯಾರು ಹೊಣೆ, ಏನು ಕ್ರಮ’ ಎಂದು ಕೇಳಿದ್ದಕ್ಕೆ ‘ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದರು. ಗುತ್ತಿಗೆದಾರನ ವಿವರ ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ’ ಎಂದರು. (ರೈತ)

ಮೊದಲ ನಿರಾಕರಣೆಗೆ ಕಾನೂನಿನ ಬಲವಿದೆ. 2005ರ ಕಾಯ್ದೆ ಕೊಡುವುದು ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ‘ಏಕೆ’ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರ ಇರುವುದಿಲ್ಲ. ‘ಏಕೆ’ ಎಂಬುದನ್ನು ನೀವೇ ಕಂಡುಕೊಳ್ಳಲು ಬೇಕಾದ ಕಾಗದಗಳನ್ನು ಕೇಳಿ. ರಸ್ತೆಯ ಕಾಮಗಾರಿಗೆ ಅರ್ಜಿ ಹೀಗಿರಲಿ:

‘ಇಂಥ ಗ್ರಾಮದ ಇಂಥ ಜಾಗದಿಂದ ಇಂಥ ಜಾಗದವರೆಗಿನ ರಸ್ತೆ ಕಾಮಗಾರಿಗೆ ಸಂಬಂಧಿಸಿ, 1) ಮಂಜೂರಾದ ಅಂದಾಜು ಪಟ್ಟಿ, 2) ಕಾರ್ಯಾದೇಶ, 3) ಅಳತೆ ಪುಸ್ತಕದ ಸಂಬಂಧಿತ ಪುಟಗಳು, 4) ಪಾವತಿಸಿದ ಎಲ್ಲ ಬಿಲ್ಲುಗಳು, 5) ಗುಣಮಟ್ಟ ಪರೀಕ್ಷೆಯ ವರದಿ, 6) ದೋಷ ಹೊಣೆಗಾರಿಕೆ ಅವಧಿಯನ್ನು ನಮೂದಿಸಿದ ಕರಾರು, ಇವುಗಳ ದೃಢೀಕೃತ ಪ್ರತಿ ಕೊಡಿ.’

ದೋಷ ಹೊಣೆಗಾರಿಕೆ ಅವಧಿ ಎಂದರೆ ಕೆಟ್ಟುಹೋದದ್ದನ್ನು ಗುತ್ತಿಗೆದಾರನೇ ಸರಿಪಡಿಸಿಕೊಡಬೇಕಾದ ಕಾಲ. ಅಂದಾಜಿನಲ್ಲಿರುವ ದಪ್ಪವನ್ನೂ ಅಳತೆ ಪುಸ್ತಕದಲ್ಲಿ ಬರೆದ ದಪ್ಪವನ್ನೂ ರಸ್ತೆಯ ಕಿತ್ತ ಅಂಚಿನಲ್ಲಿ ಸ್ಕೇಲು ಹಿಡಿದು ನೋಡಿದ ದಪ್ಪವನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಇಷ್ಟೇ ಅಲ್ಲ, ಕಾಮಗಾರಿಯನ್ನು ಸ್ವತಃ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಸೆಕ್ಷನ್ 2(ಜೆ)ಯಲ್ಲಿದೆ. ಈ ಹಕ್ಕನ್ನು ಬಳಸುವವರು ಬಹಳ ಕಡಿಮೆ, ಇದರಷ್ಟು ಪರಿಣಾಮಕಾರಿಯಾದದ್ದು ಬೇರೆ ಇಲ್ಲ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ರಸ್ತೆಯಾದರೆ ಎರಡು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಎ4 ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ತಪ್ಪು ಕಚೇರಿಗೆ ಕೊಟ್ಟಿದ್ದರೆ 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು, ‘ನಮಗೆ ಸಂಬಂಧಿಸಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ.

ಉತ್ತರಕ್ಕೆ 30 ದಿನ. ವ್ಯಕ್ತಿಯ ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದನ್ನು 30, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಬಳಿಕ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಅವರ ಸ್ವಂತ ಜೇಬಿನಿಂದ. ಬಹುಪಾಲು ಅರ್ಜಿಗಳು ಸಾಯುವುದು ಮೊದಲ ಮೇಲ್ಮನವಿಯ ದಿನಾಂಕ ಮರೆತು. 31ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

‘ವೈಯಕ್ತಿಕ’ ಎಂಬ ನೆಪ ಈಗ ಹೆಚ್ಚು ಬಿಗಿಯಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು ತಿದ್ದಿತು, ಅದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಅಮೂಲ್ಯ ವಾಕ್ಯವನ್ನು ಆ ತಿದ್ದುಪಡಿ ಕಿತ್ತುಹಾಕಿತು. ಇದು ದೊಡ್ಡ ನಷ್ಟ. ಆದರೆ ಸೆಕ್ಷನ್ 8(2) ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಆ ಸೆಕ್ಷನ್ ಹೆಸರಿಸಿ, ಸಾರ್ವಜನಿಕ ಹಣದ ಕಾಮಗಾರಿ, ರಸ್ತೆ ಕಿತ್ತುಹೋದ ದಿನಾಂಕ, ಫೋಟೊ ಇಡಿ. ಗುತ್ತಿಗೆದಾರನ ಮನೆ ವಿಳಾಸ, ಬ್ಯಾಂಕ್ ಖಾತೆ ಕೇಳಬೇಡಿ, ಅವು ನಿಮಗೆ ಬೇಕಾಗಿಯೂ ಇಲ್ಲ. ಕಾರ್ಯಾದೇಶದಲ್ಲಿ ಗುತ್ತಿಗೆದಾರನ ಹೆಸರು ಹೇಗೂ ಇರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಹಕ್ಕು, ಕೋರ್ಟು, ಕಾಗದ ಎನ್ನುತ್ತಾ ಕೂತರೆ ದೇಶ ಮುಂದುವರಿಯುವುದು ಯಾವಾಗ? ಪ್ರಾಮಾಣಿಕ, ಗಟ್ಟಿ ನಾಯಕ ಸಿಕ್ಕರೆ ಅವರಿಗೆ ಪೂರ್ಣ ಅಧಿಕಾರ ಕೊಡುವುದೇ ಒಳ್ಳೆಯದಲ್ಲವೇ? (ಉದ್ಯಮಿ)

ಈ ಪ್ರಶ್ನೆಯ ಹಿಂದಿನ ಅಸಹನೆ ನಮಗೆ ಅರ್ಥವಾಗುತ್ತದೆ. ಆದರೆ ಒಬ್ಬರಿಗೆ ಕೊಟ್ಟ ಅಧಿಕಾರ ಅವರೊಂದಿಗೆ ಮುಗಿಯುವುದಿಲ್ಲ, ಆ ಕುರ್ಚಿಗೆ ನಾಳೆ ಬರುವವರಿಗೂ ಸಿಗುತ್ತದೆ. ಅವರು ಯಾರೆಂದು ಇವತ್ತು ನಮಗೆ ಗೊತ್ತಿಲ್ಲ.

ನಮ್ಮ ದೇಶ ಇದನ್ನು ಒಮ್ಮೆ ಕಂಡಿದೆ. 1975ರ ಜೂನ್ 25ರಂದು ಘೋಷಿಸಿದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ನಡೆಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಹಿಡಿದು ಕೇಂದ್ರ ಕಾರಾಗೃಹಕ್ಕೆ ಹಾಕಿದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲಿನ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್.

ಹಿಡಿದದ್ದು ಸರಿಯೇ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕೂ ಆಗ ಇರಲಿಲ್ಲ. 1976ರ ಏಪ್ರಿಲ್ 28ರಂದು ಜಬಲ್‌ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 4 ನ್ಯಾಯಮೂರ್ತಿಗಳು ಸರ್ಕಾರದ ವಾದ ಒಪ್ಪಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರ ಸೇವಾ ಹಿರಿತನ ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಬಹುಮತದ ಆ ತೀರ್ಪನ್ನು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ತಳ್ಳಿಹಾಕಲಾಯಿತು. ಅದಕ್ಕೆ 41 ವರ್ಷ ಹಿಡಿಯಿತು.

ಜನ ಪಾಠ ಕಲಿತದ್ದು ಬೇಗ. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿ ಹೇರಲು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣ ಸಾಲದು, ‘ಸಶಸ್ತ್ರ ಬಂಡಾಯ’ ಆಗಿರಬೇಕು ಎಂದಿತು. ಸಂಪುಟದ ತೀರ್ಮಾನ ರಾಷ್ಟ್ರಪತಿಗೆ ಲಿಖಿತವಾಗಿ ಹೋಗಬೇಕು ಎಂದೂ ಸೇರಿಸಿತು, ಏಕೆಂದರೆ 1975ರಲ್ಲಿ ರಾಷ್ಟ್ರಪತಿಯ ಸಹಿ ಬಿದ್ದದ್ದು ಸಂಪುಟ ಸೇರುವುದಕ್ಕೂ ಮೊದಲು. ಯಾವ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ.

ಎರಡು ಮಿತಿಗಳ ಹಿಂದೆ ನಮ್ಮ ಭಾಷೆಯ ನೆಲದವರೇ ಇದ್ದಾರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಭೂಮಿಯ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು, 7-6ರ ಅಂತರದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡವುವಂತಿಲ್ಲ ಎಂದರು. 1989ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ವಜಾ ಮಾಡಿದರು. ಸುಪ್ರೀಂ ಕೋರ್ಟಿನ 1994ರ ತೀರ್ಪು ಬಹುಮತ ಎಣಿಸಬೇಕಾದ ಜಾಗ ಸದನವೇ ಎಂದು ಗಟ್ಟಿಮಾಡಿತು. ಆಮೇಲೆ ಬೇರೆಬೇರೆ ಪಕ್ಷಗಳ ರಾಜ್ಯ ಸರ್ಕಾರಗಳೂ ಆ ತೀರ್ಪಿನ ಆಸರೆ ಪಡೆದಿವೆ. ನಿಮ್ಮ ನಾಯಕರು ಅಧಿಕಾರದಲ್ಲಿದ್ದಾಗ ಅಡ್ಡಿ ಎನಿಸುವ ಕಟ್ಟುಪಾಡೇ ಅವರು ಅಧಿಕಾರ ಕಳೆದುಕೊಂಡಾಗ ಅವರನ್ನು ಕಾಯುತ್ತದೆ.

ವೇಗದ ಬಗ್ಗೆ ನಿಮ್ಮ ಕಾಳಜಿ ನ್ಯಾಯವಾದದ್ದು. ಉದ್ಯಮಿಯನ್ನು ನಿಧಾನಿಸುವುದು ಹೆಚ್ಚಾಗಿ ಪರವಾನಗಿ, ತಪಾಸಣೆ, ತಿಂಗಳುಗಟ್ಟಲೆ ಸಹಿಯಾಗದ ಕಡತ. ಅಂದರೆ ಮಿತಿಯಿಲ್ಲದ ಅಧಿಕಾರವೇ. ಅದಕ್ಕೆ ಮದ್ದು ಇನ್ನಷ್ಟು ಅಧಿಕಾರವಲ್ಲ.

ಪ್ರಶ್ನೆ: ಬಡಾವಣೆಯ ಕೆಲಸಗಳಿಗೆ ಸರ್ಕಾರವನ್ನೇ ಕಾಯುವ ಬದಲು ಸಂಘ ಕಟ್ಟಬೇಕೆಂದಿದ್ದೇವೆ. ನೋಂದಣಿ ಕಡ್ಡಾಯವೇ? (ಬಡಾವಣೆಯ ನಿವಾಸಿ)

ಕಡ್ಡಾಯವಲ್ಲ. ಸಂಘ ಕಟ್ಟುವುದು 19(1)(ಸಿ) ವಿಧಿಯ ಹಕ್ಕು, ಯಾರ ಅಪ್ಪಣೆಯೂ ಬೇಡ. ಸಭೆ ಸೇರಲು, ಮನವಿ ಕೊಡಲು, ಗಿಡ ನೆಡಲು ನೋಂದಣಿ ಏಕೆ? ಸಂಘದ ಹೆಸರಿನಲ್ಲಿ ಹಣ, ಆಸ್ತಿ, ಕರಾರು ಬಂದಾಗ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಜನ ಬೇಕು. ಉದ್ದೇಶಗಳನ್ನು ತಿಳಿಸುವ ಜ್ಞಾಪನಾ ಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿಯೊಂದಿಗೆ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ.

ಸಂಘಗಳು ಮುರಿಯುವುದು ದುಡ್ಡಿನಲ್ಲಿ. ಖಜಾಂಚಿಯ ಸ್ವಂತ ಖಾತೆಗೆ ಚಂದಾ ಹಾಕಿಸಬೇಡಿ, ಖಾತೆಗೆ ಎರಡು ಸಹಿ ಇರಲಿ. ಪದಾಧಿಕಾರಿಗಳ ಅವಧಿ ಎಷ್ಟು, ಸತತವಾಗಿ ಎಷ್ಟು ಸಲ ಒಬ್ಬರೇ ಇರಬಹುದು, ಎಷ್ಟು ಜನ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು ಎಂಬುದು ಬೈಲಾದಲ್ಲಿ ಇರಲಿ. ಅಧಿಕಾರಕ್ಕೆ ಮಿತಿ ಎಂಬ ತತ್ವ ವಿಧಾನಸೌಧಕ್ಕೆ ಮಾತ್ರ ಅಲ್ಲ, 30 ಮನೆಗಳ ಸಂಘಕ್ಕೂ ಬೇಕು. ವಾರ್ಷಿಕ ಸಭೆಯ ನಂತರ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟು, ಜಗಳ ಬಂದಾಗ ತಾವು ಪದಾಧಿಕಾರಿಗಳೆಂದು ತೋರಿಸಲೂ ಕಾಗದವಿಲ್ಲದೆ ಪರದಾಡುವ ಸಂಘಗಳು ಬೇಕಾದಷ್ಟಿವೆ.

ಜನ ತಾವಾಗಿ ಕೂಡಿ ಕಟ್ಟುವ ಪರಂಪರೆ ನಮಗೆ ಹೊಸತಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ನಾಡಿನ ಸಹಕಾರ ಚಳವಳಿಗೆ ಅದೇ ಬುನಾದಿ. 2011ರ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದೂ 19(1)(ಸಿ)ಯಲ್ಲಿ ಹೆಸರಿಸಿದ ಹಕ್ಕಾಗಿದೆ.

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಅಲೆದು ಸಾಕಾಗಿದೆ. ‘ನಾಳೆ ಬನ್ನಿ’ ಎಂಬುದಕ್ಕೆ ಮದ್ದಿಲ್ಲವೇ? (ಕೂಲಿ ಕಾರ್ಮಿಕರು)

ಅರ್ಜಿ ಕೊಟ್ಟಾಗ ‘ಸಕಾಲ’ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆಂಬ ರಾಜ್ಯದ ಕಾಯ್ದೆ) ಸ್ವೀಕೃತಿ ಕೊಟ್ಟರೇ? ಅದರಲ್ಲಿ ನಿಮ್ಮ ಅರ್ಜಿಯನ್ನು ಗುರುತಿಸುವ 15 ಅಂಕಿಯ ಜಿಎಸ್‌ಸಿ ಸಂಖ್ಯೆಯೂ ಸೇವೆ ಸಿಗಬೇಕಾದ ಕೊನೆಯ ದಿನಾಂಕವೂ ಇರುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ, ಅದಿಲ್ಲದೆ ಗಡುವು ಮೀರಿತೆಂದು ತೋರಿಸುವುದು ಕಷ್ಟ. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಮೊತ್ತ ಸಣ್ಣದು, ಆದರೆ ಅದು ತಪ್ಪಿತಸ್ಥ ನೌಕರರಿಂದ ವಸೂಲಾಗಬೇಕಾದ ಹಣ, ಅವರ ಹೆಸರಿನ ಮುಂದೆ ದಾಖಲಾಗುತ್ತದೆ. ಕೇಳದೆ ಬಿಡಬೇಡಿ.